ಇಟಲಿಯ ವೈನ್‌ಗಳು ಮತ್ತು ಅವುಗಳ ರುಚಿಪರೀಕ್ಷೆ

ಇಟಲಿಯ ವೈನ್ ಎಂದರೆ ಇಟಲಿ ದೇಶದಲ್ಲಿ ಬೆಳೆದ ದ್ರಾಕ್ಷಿಯ ರಸವನ್ನು ಹುದುಗೆಬ್ಬಿಸಿ ತಯಾರಿಸುವ ಮದ್ಯ. ಇಟಲಿಯು ಫ್ರಾನ್ಸ್ ಮತ್ತು ಸ್ಪೇನ್‌ಗಳೊಡನೆ ಜಗತ್ತಿನ ಅತಿ ದೊಡ್ಡ ವೈನ್ ಉತ್ಪಾದಕ ದೇಶಗಳಲ್ಲೊಂದು. ಬಹುತೇಕ ವರ್ಷಗಳಲ್ಲಿ ಮೊದಲ ಸ್ಥಾನವೂ ಅದರದೇ ಆಗಿರುತ್ತದೆ. ದೇಶದ 20 ಆಡಳಿತ ಪ್ರದೇಶಗಳಲ್ಲಿ ದ್ರಾಕ್ಷಿ ಬೆಳೆಯದ ಪ್ರದೇಶ ಒಂದೂ ಇಲ್ಲ. ಉತ್ತರದ ಆಲ್ಪ್ಸ್ ಪರ್ವತದ ತಪ್ಪಲಿನಿಂದ ಆಫ್ರಿಕಾಕ್ಕೆ ಸಮೀಪವಿರುವ ಪಾಂಟೆಲ್ಲೇರಿಯಾ ದ್ವೀಪದವರೆಗೆ ಮಣ್ಣು, ಎತ್ತರ, ಹವೆಗಳು ಬದಲಾಗುತ್ತ ಹೋಗುವುದರಿಂದ ಅಲ್ಲಿನ ವೈನ್‌ಗಳ ರುಚಿಯಲ್ಲಿ ಅಪಾರ ವೈವಿಧ್ಯವಿದೆ.

ವೈನ್‌ನ ಬಣ್ಣ, ವಾಸನೆ ಮತ್ತು ರುಚಿಗಳನ್ನು ಕ್ರಮಬದ್ಧವಾಗಿ ಗಮನಿಸಿ ಅದರ ಗುಣದೋಷಗಳನ್ನು ನಿರ್ಣಯಿಸುವುದಕ್ಕೆ ರುಚಿಪರೀಕ್ಷೆ ಎನ್ನುತ್ತಾರೆ. ಇದನ್ನು ಇಟಾಲಿಯನ್ ಭಾಷೆಯಲ್ಲಿ ‘ದೆಗುಸ್ತಾತ್ಸಿಯೋನೆ’ ಎಂದು ಕರೆಯುತ್ತಾರೆ. ಇಟಲಿಯಲ್ಲಿ ಇದು ಹವ್ಯಾಸಿಗಳ ವಿನೋದ ಮಾತ್ರವಲ್ಲ, ಉನ್ನತ ದರ್ಜೆಯ ವೈನ್‌ಗಳು ಮಾರುಕಟ್ಟೆಗೆ ಬರುವ ಮೊದಲು ದಾಟಬೇಕಾದ ಕಾನೂನಿನ ಹಂತವೂ ಆಗಿದೆ.

ಹೆಸರು

ಇಟಾಲಿಯನ್ ಭಾಷೆಯ ‘ವಿನೋ’ ಮತ್ತು ಇಂಗ್ಲಿಷಿನ ‘ವೈನ್’ ಎರಡೂ ಲ್ಯಾಟಿನ್ ಭಾಷೆಯ ‘ವಿನುಮ್’ ಪದದಿಂದ ಬಂದವು. ಕನ್ನಡದಲ್ಲಿ ಬೈಬಲ್ ಅನುವಾದಗಳ ಮೂಲಕ ‘ದ್ರಾಕ್ಷಾರಸ’ ಎಂಬ ಪದ ಬಳಕೆಗೆ ಬಂದಿದೆ. ಆದರೆ ಈ ಪದವು ಹುದುಗದ ಹಣ್ಣಿನ ರಸವನ್ನೂ ಸೂಚಿಸಬಹುದಾದ್ದರಿಂದ ಈ ಲೇಖನದಲ್ಲಿ ‘ವೈನ್’ ಎಂಬ ಪದವನ್ನೇ ಬಳಸಲಾಗಿದೆ.

ಇತಿಹಾಸ

ಪ್ರಾಚೀನ ಕಾಲ

ಇಟಲಿಯ ನಡುಭಾಗದಲ್ಲಿ ನೆಲೆಸಿದ್ದ ಎಟ್ರುಸ್ಕನ್ನರೂ ದಕ್ಷಿಣದಲ್ಲಿ ವಸಾಹತುಗಳನ್ನು ಸ್ಥಾಪಿಸಿದ ಗ್ರೀಕರೂ ದ್ರಾಕ್ಷಿಕೃಷಿಯನ್ನು ಬೆಳೆಸಿದರು. ದಕ್ಷಿಣ ಇಟಲಿಯನ್ನು ಗ್ರೀಕರು ‘ಓಯಿನೋಟ್ರಿಯಾ’ ಎಂದು ಕರೆದರು. ವೈನ್ ನಾಡು ಎಂಬ ಅರ್ಥದಲ್ಲಿ ಈ ಹೆಸರು ಇಂದಿಗೂ ಇಟಲಿಗೆ ಸಲ್ಲುತ್ತದೆ. ರೋಮನ್ನರ ಕಾಲದಲ್ಲಿ ಕೊಲುಮೆಲ್ಲಾ ತನ್ನ ಕೃಷಿಗ್ರಂಥದಲ್ಲಿ ದ್ರಾಕ್ಷಿತೋಟದ ನಿರ್ವಹಣೆಯನ್ನು ವಿವರಿಸಿದ್ದಾನೆ. ಹಿರಿಯ ಪ್ಲಿನಿ ತನ್ನ ‘ನಾಚುರಾಲಿಸ್ ಹಿಸ್ಟೋರಿಯಾ’ ಗ್ರಂಥದ ಹದಿನಾಲ್ಕನೆಯ ಭಾಗವನ್ನು ದ್ರಾಕ್ಷಿ ಮತ್ತು ವೈನ್‌ಗೆ ಮೀಸಲಿಟ್ಟಿದ್ದಾನೆ. ಕಂಪಾನಿಯಾ ಸೀಮೆಯ ‘ಫಲೆರ್ನಿಯನ್’ ಆಗಿನ ಅತ್ಯಂತ ಪ್ರಸಿದ್ಧ ವೈನ್ ಆಗಿತ್ತು. ರೋಮನ್ನರು ಸಾಮಾನ್ಯವಾಗಿ ವೈನ್‌ಗೆ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ವೈನ್ ವ್ಯಾಪಾರದ ಮುಖ್ಯ ಕೇಂದ್ರಗಳಲ್ಲೊಂದಾಗಿದ್ದ ಪೊಂಪೇ ನಗರವೇ ಹೂತುಹೋಯಿತು.

ಭಾರತದೊಡನೆ ಸಂಬಂಧ

ಇಟಲಿಯ ವೈನ್ ಭಾರತಕ್ಕೆ ಹೊಸದಲ್ಲ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಗ್ರಂಥವು ಬಾರಿಗಾಜಾ, ಅಂದರೆ ಇಂದಿನ ಭರೂಚ್ ಬಂದರಿಗೆ ಆಮದಾಗುತ್ತಿದ್ದ ಸರಕುಗಳ ಪಟ್ಟಿಯನ್ನು ಕೊಡುತ್ತದೆ. ಅದರಲ್ಲಿ ವೈನ್ ಸೇರಿದ್ದು, ಇಟಲಿಯ ವೈನ್‌ಗೇ ಅಲ್ಲಿ ಹೆಚ್ಚಿನ ಆದ್ಯತೆ ಇತ್ತೆಂದು ಹೇಳಲಾಗಿದೆ. ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ವೈನ್ ಸಾಗಿಸಲು ಬಳಸುತ್ತಿದ್ದ, ಎರಡು ಹಿಡಿಗಳ ‘ಆಂಫೊರಾ’ ಜಾಡಿಗಳ ಚೂರುಗಳು ದೊರೆತಿವೆ.

ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ದಾಖಲೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ರೋಮನ್ ಆಳ್ವಿಕೆಯ ಕಾಲದ ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಬಿಡಿಸಿಕೊಳ್ಳಲು ಅವಳ ಕಡೆಯವರು ಅಲ್ಲಿನ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ಮತ್ತೇರಿಸುವುದು ಅದರ ಕಥಾವಸ್ತು. ರಾಜ ಮತ್ತು ಪರಿವಾರದವರು ಆಡುವ ಮಾತುಗಳು ಕನ್ನಡವೆಂದು ಇ. ಹುಲ್ಟ್ಸ್ ಅಭಿಪ್ರಾಯಪಟ್ಟರು, ಎಂ. ಗೋವಿಂದ ಪೈ ಮೊದಲಾದ ವಿದ್ವಾಂಸರು ಆ ಚರ್ಚೆಯನ್ನು ಮುಂದುವರಿಸಿದರು. ಅದು ತುಳು ಎನ್ನುವವರೂ ಯಾವ ಭಾಷೆಯೂ ಅಲ್ಲ ಎನ್ನುವವರೂ ಇದ್ದು, ವಿಷಯ ಇಂದಿಗೂ ಇತ್ಯರ್ಥವಾಗಿಲ್ಲ.

ಮಧ್ಯಯುಗದಿಂದ ಹತ್ತೊಂಬತ್ತನೆಯ ಶತಮಾನದವರೆಗೆ

ಮಧ್ಯಯುಗದಲ್ಲಿ ಕ್ರೈಸ್ತ ಮಠಗಳೂ ನಗರಗಳ ವರ್ತಕ ಸಂಘಗಳೂ ವೈನ್ ತಯಾರಿಕೆಯನ್ನು ಕಾಪಾಡಿಕೊಂಡು ಬಂದವು. ಇಂದಿಗೂ ವೈನ್ ತಯಾರಿಸುತ್ತಿರುವ ಆಂಟಿನೋರಿ ಮನೆತನದವರು ಫ್ಲಾರೆನ್ಸ್ ನಗರದ ವೈನ್ ತಯಾರಕರ ಸಂಘವನ್ನು ಸೇರಿದ್ದು 1385ರಲ್ಲಿ. 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ದೆ ಮೆದಿಚಿ ಹೊರಡಿಸಿದ ಶಾಸನವು ಕಿಯಾಂಟಿ ಸೇರಿದಂತೆ ನಾಲ್ಕು ವೈನ್ ಸೀಮೆಗಳ ಗಡಿಗಳನ್ನು ಗೊತ್ತುಪಡಿಸಿತು. ವೈನ್‌ನ ಹೆಸರನ್ನು ಭೂಮಿಯ ಗಡಿಯೊಡನೆ ಕಾನೂನಿನಿಂದ ಬೆಸೆದ ಆರಂಭದ ಪ್ರಯತ್ನಗಳಲ್ಲಿ ಇದೂ ಒಂದು. ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾಗಿದ್ದ ಬೆತ್ತಿನೊ ರಿಕಾಸೊಲಿ 1872ರಲ್ಲಿ ಕಿಯಾಂಟಿ ವೈನ್‌ಗೆ ಯಾವ ದ್ರಾಕ್ಷಿಗಳನ್ನು ಸೇರಿಸಬೇಕೆಂಬ ತನ್ನ ಸೂತ್ರವನ್ನು ಪತ್ರವೊಂದರಲ್ಲಿ ನಿರೂಪಿಸಿದನು.

1870ರ ದಶಕದ ಕೊನೆಯಲ್ಲಿ ಅಮೆರಿಕ ಮೂಲದ ‘ಫಿಲೊಕ್ಸೆರಾ’ ಎಂಬ ಬೇರು ಹೇನು ಇಟಲಿಯ ತೋಟಗಳಿಗೂ ತಗಲಿತು. ಈ ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬಳ್ಳಿಗಳ ಬೇರಿಗೆ ಸ್ಥಳೀಯ ತಳಿಗಳನ್ನು ಕಸಿ ಕಟ್ಟುವುದೊಂದೇ ಪರಿಹಾರವಾಯಿತು. ಮರುನಾಟಿಯ ಸಂದರ್ಭದಲ್ಲಿ ಅನೇಕ ಅಪರೂಪದ ತಳಿಗಳು ಕೈಬಿಟ್ಟುಹೋದವು.

1986ರ ಮೆಥನಾಲ್ ದುರಂತ

1986ರ ಮಾರ್ಚ್ ತಿಂಗಳಲ್ಲಿ ಉತ್ತರ ಇಟಲಿಯಲ್ಲಿ ಅಗ್ಗದ ವೈನ್ ಕುಡಿದವರು ಸಾವಿಗೀಡಾಗತೊಡಗಿದರು. ನಿಸ್ಸಾರವಾದ ವೈನ್‌ನ ಮದ್ಯಸಾರವನ್ನು ಹೆಚ್ಚಿಸಿ ತೋರಿಸಲು ಅದಕ್ಕೆ ಮೆಥನಾಲ್ ಎಂಬ ವಿಷಕಾರಿ ಮದ್ಯಸಾರವನ್ನು ಬೆರೆಸಲಾಗಿತ್ತು. 23 ಜನರು ಮೃತಪಟ್ಟರು; ಹಲವರು ದೃಷ್ಟಿ ಕಳೆದುಕೊಂಡರು. ಮೆಥನಾಲ್ ದೇಹದಲ್ಲಿ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಅನಂತರ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ದೃಷ್ಟಿನರವನ್ನು ಹಾಳುಮಾಡುತ್ತದೆ. ಭಾರತದಲ್ಲಿ ಕಳ್ಳಬಟ್ಟಿ ದುರಂತಗಳಿಗೆ ಮತ್ತೆ ಮತ್ತೆ ಕಾರಣವಾಗಿರುವುದೂ ಇದೇ ವಿಷ.

ಈ ಘಟನೆಯಿಂದ ಇಟಲಿಯ ವೈನ್ ರಫ್ತು ಕುಸಿಯಿತು. ಯಾವ ತಪ್ಪನ್ನೂ ಮಾಡದ ಸಣ್ಣ ಬೆಳೆಗಾರರೂ ಅನುಮಾನಕ್ಕೆ ಗುರಿಯಾದರು. ತಪಾಸಣೆ ಬಿಗಿಯಾಯಿತು, ಪ್ರಮಾಣಕ್ಕಿಂತ ಗುಣಮಟ್ಟವೇ ಮುಖ್ಯವೆಂಬ ನಿಲುವು ಬಲಗೊಂಡಿತು. ರುಚಿಪರೀಕ್ಷೆಯ ಮಿತಿಯನ್ನೂ ಈ ದುರಂತ ತೋರಿಸಿಕೊಟ್ಟಿತು. ಮೆಥನಾಲ್‌ನ ವಾಸನೆ ಮತ್ತು ರುಚಿಗಳು ಸಾಧಾರಣ ಮದ್ಯಸಾರವನ್ನೇ ಹೋಲುವುದರಿಂದ ಎಷ್ಟೇ ನುರಿತ ನಾಲಿಗೆಯೂ ಅದನ್ನು ಪತ್ತೆಹಚ್ಚಲಾರದು. ಅದಕ್ಕೆ ಪ್ರಯೋಗಾಲಯವೇ ಬೇಕು.

ವರ್ಗೀಕರಣ

ಇಟಲಿಯಲ್ಲಿ ಮೂಲಸ್ಥಾನದ ಆಧಾರದ ಮೇಲೆ ವೈನ್‌ಗಳನ್ನು ವಿಂಗಡಿಸುವ ಕಾನೂನು 1963ರಲ್ಲಿ ಜಾರಿಗೆ ಬಂದಿತು. ಈಗ ರೂಢಿಯಲ್ಲಿರುವ ದರ್ಜೆಗಳು ನಾಲ್ಕು.

• ವಿನೋ: ಮೂಲಸ್ಥಾನದ ನಿರ್ಬಂಧವಿಲ್ಲದ ಸಾಮಾನ್ಯ ವೈನ್.
• ಐಜಿಟಿ: ವಿಶಾಲವಾದ ಭೌಗೋಳಿಕ ಪ್ರದೇಶವನ್ನು ಸೂಚಿಸುವ ದರ್ಜೆ. 1992ರ ಕಾನೂನಿನಿಂದ ಸೇರ್ಪಡೆಯಾಯಿತು.
• ಡಿಒಸಿ: ಗೊತ್ತುಪಡಿಸಿದ ಸೀಮೆ, ತಳಿ, ಇಳುವರಿ ಮತ್ತು ತಯಾರಿಕೆಯ ವಿಧಾನಗಳನ್ನು ಪಾಲಿಸಬೇಕಾದ ದರ್ಜೆ. 1966ರಲ್ಲಿ ವೆರ್ನಾಚಾ ದಿ ಸಾನ್ ಜಿಮಿನ್ಯಾನೊ ಎಂಬ ಟಸ್ಕನಿಯ ಬಿಳಿ ವೈನ್ ಈ ಮನ್ನಣೆಯನ್ನು ಮೊದಲಿಗೆ ಪಡೆಯಿತು.
• ಡಿಒಸಿಜಿ: ಇನ್ನೂ ಬಿಗಿಯಾದ ನಿಯಮಗಳುಳ್ಳ ಉನ್ನತ ದರ್ಜೆ. ಬರೋಲೊ, ಬಾರ್ಬರೆಸ್ಕೊ, ಬ್ರುನೆಲ್ಲೊ ದಿ ಮೊಂತಾಲ್ಚಿನೊ ಮತ್ತು ವಿನೋ ನೋಬಿಲೆ ದಿ ಮೊಂತೆಪುಲ್ಚಾನೊಗಳು 1980ರ ಸುಮಾರಿಗೆ ಈ ದರ್ಜೆಗೆ ಮೊದಲು ಸೇರಿದವು.

ಡಿಒಸಿಜಿ ವೈನ್ ಮಾರಾಟಕ್ಕೆ ಬರುವ ಮೊದಲು ರಾಸಾಯನಿಕ ವಿಶ್ಲೇಷಣೆ ಹಾಗೂ ಅಧಿಕೃತ ಮಂಡಳಿಯ ರುಚಿಪರೀಕ್ಷೆ ಎರಡರಲ್ಲೂ ಉತ್ತೀರ್ಣವಾಗಬೇಕು. ಅನಂತರವಷ್ಟೇ ಬಾಟಲಿಯ ಕತ್ತಿನ ಮೇಲೆ ಕ್ರಮಸಂಖ್ಯೆಯುಳ್ಳ ಸರ್ಕಾರಿ ಮುದ್ರೆಯ ಪಟ್ಟಿಯನ್ನು ಅಂಟಿಸಲಾಗುತ್ತದೆ.

ದರ್ಜೆಯೊಂದೇ ಗುಣಮಟ್ಟದ ಅಳತೆಯಲ್ಲ ಎಂಬುದಕ್ಕೂ ಇಟಲಿಯಲ್ಲಿಯೇ ಪ್ರಸಿದ್ಧ ಉದಾಹರಣೆಗಳಿವೆ. ಸಸ್ಸಿಕಾಯಾ (ಮಾರಾಟಕ್ಕೆ ಬಂದ ಮೊದಲ ಫಸಲು 1968) ಮತ್ತು ತಿನ್ಯಾನೆಲ್ಲೊ (1971) ಎಂಬ ಟಸ್ಕನಿಯ ವೈನ್‌ಗಳು ಆಗಿನ ನಿಯಮಗಳ ಚೌಕಟ್ಟಿಗೆ ಹೊಂದದೆ ಅತ್ಯಂತ ಕೆಳಗಿನ ದರ್ಜೆಯಲ್ಲಿ ಮಾರಾಟವಾದರೂ ಜಗತ್ತಿನಾದ್ಯಂತ ಹೆಸರು ಗಳಿಸಿದವು. ಇಂಥವುಗಳಿಗೆ ‘ಸೂಪರ್ ಟಸ್ಕನ್’ ಎಂಬ ಹೆಸರು ಬಿತ್ತು. ಇದಕ್ಕೆ ವಿರುದ್ಧವಾಗಿ, 2008ರಲ್ಲಿ ಬ್ರುನೆಲ್ಲೊ ತಯಾರಕರಲ್ಲಿ ಕೆಲವರು ನಿಯಮ ಮೀರಿ ಬೇರೆ ದ್ರಾಕ್ಷಿಗಳನ್ನು ಬೆರೆಸಿದ್ದಾರೆಂಬ ಆರೋಪದ ಮೇಲೆ ತನಿಖೆ ನಡೆಯಿತು. ಆಗ ಅಲ್ಲಿನ ಉತ್ಪಾದಕರು ಸಭೆ ಸೇರಿ, ಸಾಂಜೊವೇಸೆ ತಳಿಯೊಂದರಿಂದಲೇ ಬ್ರುನೆಲ್ಲೊ ತಯಾರಾಗಬೇಕೆಂಬ ನಿಯಮವನ್ನು ಉಳಿಸಿಕೊಳ್ಳಲು ಮತ ಹಾಕಿದರು.

ಮುಖ್ಯ ಪ್ರದೇಶಗಳು ಮತ್ತು ತಳಿಗಳು

ಪಿಯೆಮೊಂತೆ

ವಾಯವ್ಯದ ಈ ಪ್ರದೇಶದ ಹಿರಿಮೆ ನೆಬ್ಬಿಯೊಲೊ ತಳಿ. ಕೊಯ್ಲಿನ ಕಾಲದಲ್ಲಿ ಗುಡ್ಡಗಳನ್ನು ಕವಿಯುವ ಮಂಜಿಗೆ ಇಟಾಲಿಯನ್ನಿನಲ್ಲಿ ‘ನೆಬ್ಬಿಯಾ’ ಎನ್ನುತ್ತಾರೆ. ತಳಿಯ ಹೆಸರು ಅದರಿಂದ ಬಂದುದೆಂದು ಹೇಳುವುದುಂಟು. ಬರೋಲೊ ಮತ್ತು ಬಾರ್ಬರೆಸ್ಕೊ ವೈನ್‌ಗಳನ್ನು ಈ ತಳಿಯಿಂದಲೇ ತಯಾರಿಸಬೇಕು. ಬರೋಲೊವನ್ನು ಕನಿಷ್ಠ 38 ತಿಂಗಳು ಮಾಗಿಸಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು. ಬಣ್ಣ ತೆಳುವಾಗಿದ್ದರೂ ಒಗರು ತೀಕ್ಷ್ಣವಾಗಿರುವುದು, ಗುಲಾಬಿ ಮತ್ತು ಡಾಂಬರಿನ ವಾಸನೆಗಳು ಒಟ್ಟಿಗೆ ಕಾಣುವುದು ನೆಬ್ಬಿಯೊಲೊ ಲಕ್ಷಣ. ನಿತ್ಯದ ಊಟಕ್ಕೆ ಹುಳಿ ಪ್ರಧಾನವಾದ ಬಾರ್ಬೆರಾ ಮತ್ತು ಮೃದುವಾದ ದೊಲ್ಚೆತ್ತೊ ಬಳಕೆಯಲ್ಲಿವೆ. ಮೊಸ್ಕಾತೊ ದಾಸ್ತಿ ಎಂಬ ಸಿಹಿ ವೈನ್‌ನಲ್ಲಿ ಮದ್ಯಸಾರ ಸುಮಾರು ಶೇ. 5 ಮಾತ್ರ. ಲಾಂಗೆ, ರೊಯೆರೊ ಮತ್ತು ಮೊನ್ಫೆರಾತೊ ದ್ರಾಕ್ಷಿತೋಟಗಳ ಭೂದೃಶ್ಯವನ್ನು 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ವೆನೆತೊ

ಈಶಾನ್ಯದ ಈ ಪ್ರದೇಶದ ಅಮರೊನೆ ವೈನ್‌ಗೆ ಕೊಯ್ದ ದ್ರಾಕ್ಷಿಯನ್ನು ಗಾಳಿಯಾಡುವ ಅಟ್ಟಗಳಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ನೀರಿನಂಶ ಆರಿ ಸಕ್ಕರೆ ಸಾಂದ್ರವಾಗುವುದರಿಂದ ಮದ್ಯಸಾರವು ಶೇ. 15ನ್ನು ಮುಟ್ಟುವುದು, ದಾಟುವುದು ಸಾಮಾನ್ಯ. ಗ್ಲೆರಾ ತಳಿಯ ಪ್ರೊಸೆಕ್ಕೊ ನೊರೆಯುಕ್ಕುವ ಬಿಳಿ ವೈನ್. ಇದರ ಎರಡನೆಯ ಹುದುಗುವಿಕೆ ಬಾಟಲಿಯಲ್ಲಿ ನಡೆಯದೆ ಮುಚ್ಚಿದ ದೊಡ್ಡ ತೊಟ್ಟಿಯಲ್ಲಿ ನಡೆಯುತ್ತದೆ. ಈ ವಿಧಾನಕ್ಕೆ 1895ರಲ್ಲಿ ಫೆದೆರಿಕೊ ಮಾರ್ತಿನೊತ್ತಿ ಹಕ್ಕುಸ್ವಾಮ್ಯ ಪಡೆದನು. ಫ್ರಾನ್ಸಿನ ಯೂಜೀನ್ ಶಾರ್ಮಾ ಅದನ್ನು ಸುಧಾರಿಸಿದನು. ನೆರೆಯ ಲೊಂಬಾರ್ದಿಯಾದ ಫ್ರಾನ್ಚಾಕೊರ್ತಾದಲ್ಲಿ ಮಾತ್ರ ಶಾಂಪೇನ್‌ನಂತೆ ಬಾಟಲಿಯೊಳಗೇ ಹುದುಗುವ ಕ್ರಮವಿದೆ.

ಟಸ್ಕನಿ

ಸಾಂಜೊವೇಸೆ ಇಲ್ಲಿನ ಮುಖ್ಯ ತಳಿ. ಕರಿ ಹುಂಜದ ಮುದ್ರೆಯುಳ್ಳ ಕಿಯಾಂಟಿ ಕ್ಲಾಸಿಕೊದಲ್ಲಿ ಈ ತಳಿ ಕನಿಷ್ಠ ಶೇ. 80 ಇರಬೇಕು. ಬ್ರುನೆಲ್ಲೊ ದಿ ಮೊಂತಾಲ್ಚಿನೊ ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿಗಿಂತ ಮೊದಲು ಮಾರಾಟಕ್ಕೆ ಬರುವಂತಿಲ್ಲ. ಇಲ್ಲೊಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು: ‘ವಿನೋ ನೋಬಿಲೆ ದಿ ಮೊಂತೆಪುಲ್ಚಾನೊ’ದಲ್ಲಿ ಮೊಂತೆಪುಲ್ಚಾನೊ ಎಂಬುದು ಟಸ್ಕನಿಯ ಊರು, ‘ಮೊಂತೆಪುಲ್ಚಾನೊ ದಾಬ್ರುತ್ಸೊ’ದಲ್ಲಿ ಅದು ದ್ರಾಕ್ಷಿಯ ಹೆಸರು. ಎರಡಕ್ಕೂ ಸಂಬಂಧವಿಲ್ಲ.

ದಕ್ಷಿಣ ಮತ್ತು ದ್ವೀಪಗಳು

ಕಂಪಾನಿಯಾ ಮತ್ತು ಬಾಸಿಲಿಕಾತಾಗಳ ಅಲ್ಯಾನಿಕೊ, ಪುಲ್ಯಾದ ಪ್ರಿಮಿತಿವೊ, ಸಿಸಿಲಿಯ ನೆರೊ ದಾವೊಲಾ ಇಲ್ಲಿನ ಮುಖ್ಯ ಕೆಂಪು ತಳಿಗಳು. ಪ್ರಿಮಿತಿವೊ ಮತ್ತು ಕ್ಯಾಲಿಫೋರ್ನಿಯಾದ ಜಿನ್‌ಫಾಂಡೆಲ್ ಒಂದೇ ತಳಿಯೆಂದೂ ಅದರ ಮೂಲ ಕ್ರೊಯೇಷಿಯಾವೆಂದೂ ಡಿಎನ್‌ಎ ಪರೀಕ್ಷೆಗಳಿಂದ ತಿಳಿದುಬಂದಿದೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರುಗಳಲ್ಲಿ ನೆರೆಲ್ಲೊ ಮಸ್ಕಲೇಸೆ ಬೆಳೆಯುತ್ತದೆ. ಪಾಂಟೆಲ್ಲೇರಿಯಾ ದ್ವೀಪದಲ್ಲಿ ಬಿರುಗಾಳಿಯಿಂದ ರಕ್ಷಿಸಲು ಬಳ್ಳಿಯನ್ನು ನೆಲದ ಗುಳಿಯಲ್ಲಿ ಕುಳ್ಳಾಗಿ ಬೆಳೆಸುವ ಪದ್ಧತಿಯನ್ನು 2014ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯೆಂದು ಗುರುತಿಸಿತು.

ರುಚಿಪರೀಕ್ಷೆಯ ಕ್ರಮ

ಇಟಲಿಯಲ್ಲಿ ವೈನ್ ಪರಿಣತರಿಗೆ ತರಬೇತಿ ನೀಡುವ ‘ಇಟಾಲಿಯನ್ ಸೊಮೆಲಿಯೆ ಸಂಘ’ವು 1965ರಲ್ಲಿ ಮಿಲಾನ್‌ನಲ್ಲಿ ಸ್ಥಾಪನೆಯಾಯಿತು. ವೈನನ್ನು ಆರಿಸಿ ಬಡಿಸುವ ಪರಿಣತನೇ ಸೊಮೆಲಿಯೆ. ಪರೀಕ್ಷೆಯನ್ನು ನೋಟ, ವಾಸನೆ, ರುಚಿ ಎಂದು ಮೂರು ಹಂತಗಳಲ್ಲಿ ನಡೆಸುವುದು ವಾಡಿಕೆ. ವೃತ್ತಿಪರರು ಒಂದೇ ದಿನ ಹತ್ತಾರು ವೈನ್‌ಗಳನ್ನು ಪರೀಕ್ಷಿಸಬೇಕಾದ್ದರಿಂದ ಬಾಯಿಗೆ ಹಾಕಿಕೊಂಡದ್ದನ್ನು ನುಂಗದೆ ಪೀಕದಾನಿಯಂತಹ ಪಾತ್ರೆಗೆ ಉಗುಳುತ್ತಾರೆ. ರುಚಿ ನೋಡುವುದಕ್ಕೂ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಸ್ಪಷ್ಟವಾಗುತ್ತದೆ.

ಸಿದ್ಧತೆ

ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ, ಬಣ್ಣವಿಲ್ಲದ ಗಾಜಿನ ಲೋಟವನ್ನು ಬಳಸಬೇಕು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಅಂಗೈಯ ಬಿಸಿ ತಾಗದಂತೆ ಲೋಟದ ಕಾಲನ್ನು ಹಿಡಿಯಬೇಕು. ನೊರೆಯುಕ್ಕುವ ವೈನ್‌ಗೆ 6–8, ಬಿಳಿ ವೈನ್‌ಗೆ 8–12, ಗಾಢವಾದ ಕೆಂಪು ವೈನ್‌ಗೆ 16–18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸೂಕ್ತ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯುರೋಪಿನ ತಂಪು ಮನೆಗಳಿಗೆ ಅನ್ವಯಿಸುವಂಥದು. ನಮ್ಮ ಬೇಸಿಗೆಯ 30 ಡಿಗ್ರಿಯಲ್ಲಿ ಮದ್ಯಸಾರದ ಘಾಟು ಮೇಲೆದ್ದು ಉಳಿದ ಪರಿಮಳವೆಲ್ಲ ಮುಚ್ಚಿಹೋಗುತ್ತದೆ. ಆದ್ದರಿಂದ ಕೆಂಪು ವೈನನ್ನೂ ಸ್ವಲ್ಪ ಹೊತ್ತು ತಂಪುಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಮಲ್ಲಿಗೆ, ಊದುಬತ್ತಿ, ಅತ್ತರು, ಒಗ್ಗರಣೆಗಳ ವಾಸನೆ ಇರಬಾರದು.

ನೋಟ

ಲೋಟವನ್ನು ಬಿಳಿ ಬಟ್ಟೆ ಅಥವಾ ಕಾಗದದ ಮೇಲೆ ವಾಲಿಸಿ ಬಣ್ಣವನ್ನು ಗಮನಿಸಬೇಕು. ಕೆಂಪು ವೈನ್ ವಯಸ್ಸಾದಂತೆ ನೇರಳೆ ಛಾಯೆ ಕಳೆದುಕೊಂಡು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಬಿಳಿ ವೈನ್ ಹಸಿರು ಬೆರೆತ ಹಳದಿಯಿಂದ ಹೊನ್ನಿನ ಬಣ್ಣಕ್ಕೆ ಹೋಗುತ್ತದೆ. ಲೋಟವನ್ನು ತಿರುಗಿಸಿ ನಿಲ್ಲಿಸಿದಾಗ ಒಳಗೋಡೆಯಲ್ಲಿ ಇಳಿಯುವ ಹನಿಗಳ ಸಾಲಿಗೆ ‘ವೈನ್‌ನ ಕಣ್ಣೀರು’ ಎಂಬ ಹೆಸರಿದೆ. ಮದ್ಯಸಾರವು ನೀರಿಗಿಂತ ಬೇಗ ಆವಿಯಾಗುವುದರಿಂದ ಮೇಲ್ಮೈ ಎಳೆತದಲ್ಲಿ ಉಂಟಾಗುವ ವ್ಯತ್ಯಾಸವೇ ಇದಕ್ಕೆ ಕಾರಣ. 1865ರಲ್ಲಿ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಅಧ್ಯಯನ ಮಾಡಿದ ಇಟಲಿಯ ಭೌತವಿಜ್ಞಾನಿ ಕಾರ್ಲೊ ಮರಂಗೊನಿಯ ಹೆಸರಿನಿಂದ ಇದನ್ನು ‘ಮರಂಗೊನಿ ಪರಿಣಾಮ’ ಎನ್ನುತ್ತಾರೆ. ಈ ಹನಿಗಳು ಮದ್ಯಸಾರದ ಪ್ರಮಾಣದ ಸುಳಿವು ಕೊಡಬಹುದೇ ಹೊರತು ಉತ್ಕೃಷ್ಟತೆಯ ಸಾಕ್ಷಿಯಲ್ಲ.

ವಾಸನೆ

ಮೊದಲು ಲೋಟವನ್ನು ಅಲುಗಿಸದೆ, ಅನಂತರ ಮೆಲ್ಲನೆ ತಿರುಗಿಸಿ ಮೂಸಬೇಕು. ತಳಿಯಿಂದ ಬರುವ ಹಣ್ಣು–ಹೂವುಗಳ ವಾಸನೆ, ಹುದುಗುವಿಕೆಯಿಂದ ಬರುವ ರೊಟ್ಟಿ–ಯೀಸ್ಟಿನ ವಾಸನೆ, ಮಾಗುವಿಕೆಯಿಂದ ಬರುವ ತೊಗಲು, ತಂಬಾಕು, ಮಸಾಲೆಗಳ ವಾಸನೆ ಎಂದು ಮೂರು ಬಗೆಗಳನ್ನು ಗುರುತಿಸಲಾಗುತ್ತದೆ. ಸಾಂಜೊವೇಸೆಯಲ್ಲಿ ಹುಳಿ ಚೆರ್ರಿ, ಸೊವಾವೆಯಲ್ಲಿ ಬಾದಾಮಿ, ಪ್ರೊಸೆಕ್ಕೊದಲ್ಲಿ ಪೇರ್ ಹಣ್ಣಿನ ಪರಿಮಳ ಕಾಣುವುದೆಂದು ವರ್ಣಿಸುತ್ತಾರೆ. ಈ ಪದಗಳು ಯುರೋಪಿನವರ ನೆನಪಿನಿಂದ ಬಂದವು. ಚೆರ್ರಿಯನ್ನೇ ಕಾಣದವರು ನೇರಳೆ, ಕೋಕಂ, ಒಣಖರ್ಜೂರ, ಮೊದಲ ಮಳೆ ಬಿದ್ದ ಮಣ್ಣು ಎಂದು ತಮಗೆ ತೋಚಿದ ಹೋಲಿಕೆಯನ್ನು ಬರೆದುಕೊಳ್ಳುವುದು ತಪ್ಪಲ್ಲ. ಅದೇ ಹೋಲಿಕೆಯನ್ನು ಮುಂದಿನ ಸಲವೂ ಅದೇ ವಾಸನೆಗೆ ಬಳಸಬೇಕು ಎಂಬುದು ಮಾತ್ರ ಮುಖ್ಯ.

ರುಚಿ

ಒಂದು ಗುಟುಕನ್ನು ಬಾಯಲ್ಲಿ ಹರಡಿ ಸಿಹಿ, ಹುಳಿ, ಕಹಿ, ಒಗರು, ಮದ್ಯಸಾರದ ಬಿಸಿ ಮತ್ತು ಒಟ್ಟು ಸಾಂದ್ರತೆಯನ್ನು ಗಮನಿಸಬೇಕು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿಕೊಳ್ಳುವುದರಿಂದ ನಾಲಿಗೆ ಒಣಗಿದಂತಾಗುತ್ತದೆ. ಪಾಶ್ಚಾತ್ಯ ಶಾಸ್ತ್ರಗಳು ಇದನ್ನು ರುಚಿಯೆಂದು ಎಣಿಸದೆ ಸ್ಪರ್ಶವೆಂದು ಪರಿಗಣಿಸುತ್ತವೆ. ನಮ್ಮ ಷಡ್ರಸಗಳಲ್ಲಿ ಇದಕ್ಕೆ ಸ್ವತಂತ್ರ ಸ್ಥಾನವಿದೆ: ಅದೇ ಒಗರು. ಎಳೆ ಅಡಕೆ, ನೆಲ್ಲಿಕಾಯಿ, ಬಾಳೆಕಾಯಿಗಳನ್ನು ತಿಂದು ಬಲ್ಲ ಕನ್ನಡಿಗನಿಗೆ ಎಳೆಯ ಬರೋಲೊದ ಮುಖ್ಯ ಗುಣವನ್ನು ಹೇಳಲು ಬೇರೆ ಪರಿಭಾಷೆ ಬೇಕಾಗಿಲ್ಲ. ವೈನ್ ಮಾಗಿದಂತೆ ಒಗರು ಮೃದುವಾಗುತ್ತದೆ. ದೀರ್ಘಕಾಲ ಮಾಗಿಸಬೇಕೆಂಬ ನಿಯಮದ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಉಗುಳಿದ ಅಥವಾ ನುಂಗಿದ ನಂತರ ರುಚಿ ಎಷ್ಟು ಹೊತ್ತು ಬಾಯಲ್ಲಿ ನಿಲ್ಲುವುದೆಂಬುದನ್ನೂ ಎಣಿಸುತ್ತಾರೆ. ಯಾವ ಅಂಶವೂ ಇನ್ನೊಂದನ್ನು ಮೆಟ್ಟದೆ ಎಲ್ಲವೂ ಹದವಾಗಿ ಬೆರೆತಿದ್ದರೆ ಅದು ಸಮತೋಲದ ವೈನ್.

ದೋಷಗಳು

• ಒದ್ದೆ ರಟ್ಟಿನ ಅಥವಾ ಮುಗ್ಗಲು ವಾಸನೆ: ಬಿರಡೆಯಿಂದ ಬರುವ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕದ ಪರಿಣಾಮ. ಇದರಿಂದ ಆರೋಗ್ಯಕ್ಕೆ ಹಾನಿಯಿಲ್ಲ, ಪರಿಮಳ ನಾಶವಾಗುತ್ತದೆ.
• ವಿನೆಗರ್ ವಾಸನೆ: ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸಿದುದರ ಗುರುತು.
• ಕಂದು ಬಣ್ಣ ಮತ್ತು ಸಪ್ಪೆತನ: ಗಾಳಿ ಸೇರಿ ಉತ್ಕರ್ಷಣಗೊಂಡ ಲಕ್ಷಣ.
• ಕೊಳೆತ ಮೊಟ್ಟೆಯ ವಾಸನೆ: ಗಂಧಕದ ಸಂಯುಕ್ತಗಳಿಂದ ಬರುವಂಥದು. ಲೋಟದಲ್ಲಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟರೆ ಕೆಲವೊಮ್ಮೆ ಹೋಗುತ್ತದೆ.

ರೆಸ್ಟೋರೆಂಟಿನಲ್ಲಿ ಮೊದಲ ಗುಟುಕನ್ನು ಗ್ರಾಹಕನಿಗೆ ಕೊಡುವುದು ಈ ದೋಷಗಳನ್ನು ಪರಿಶೀಲಿಸಲೆಂದೇ ಹೊರತು ವೈನ್ ಇಷ್ಟವಾಯಿತೆ ಎಂದು ಕೇಳಲು ಅಲ್ಲ.

ಮರೆಪರೀಕ್ಷೆ

ಹೆಸರು, ಬೆಲೆ, ಬಣ್ಣಗಳು ನಾಲಿಗೆಯ ತೀರ್ಮಾನವನ್ನು ಬದಲಿಸಬಲ್ಲವು. ಫ್ರಾನ್ಸಿನ ಬೋರ್ಡೊದಲ್ಲಿ 54 ವಿದ್ಯಾರ್ಥಿಗಳ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಲಾಗಿತ್ತು. ಅವರು ಅದರ ವಾಸನೆಯನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲಿಯೇ ವರ್ಣಿಸಿದರು. ಆದ್ದರಿಂದ ಗಂಭೀರ ಪರೀಕ್ಷೆಗಳಲ್ಲಿ ಬಾಟಲಿಗೆ ಬಟ್ಟೆ ಸುತ್ತಿ ಗುರುತನ್ನು ಮರೆಮಾಡುತ್ತಾರೆ. ಹೊಸಬರೂ ಎರಡು ಬೇರೆ ಪ್ರದೇಶಗಳ, ಒಂದೇ ಬೆಲೆಯ ವೈನ್‌ಗಳನ್ನು ಹೀಗೆ ಹೋಲಿಸಿದರೆ ಬೇಗ ಕಲಿಯಬಹುದು.

ಊಟದೊಡನೆ ಹೊಂದಾಣಿಕೆ

ಇಟಲಿಯಲ್ಲಿ ವೈನ್ ಊಟದ ಅಂಗ. ಅಲ್ಲಿನ ಬಹುತೇಕ ವೈನ್‌ಗಳಲ್ಲಿ ಹುಳಿ ಎದ್ದು ಕಾಣುವುದಕ್ಕೆ ಎಣ್ಣೆ, ಚೀಸ್, ಮಾಂಸಗಳ ಜಿಡ್ಡನ್ನು ಅದು ತೊಳೆದುಬಿಡುವುದೂ ಕಾರಣ. ಒಂದು ಸೀಮೆಯ ಅಡುಗೆಗೆ ಆ ಸೀಮೆಯ ವೈನನ್ನೇ ಬಡಿಸುವುದು ಹಳೆಯ ರೂಢಿ: ಪಾರ್ಮಾದ ಚೀಸಿಗೆ ಎಮಿಲಿಯಾದ ನೊರೆಯುಕ್ಕುವ ಕೆಂಪು ಲಂಬ್ರುಸ್ಕೊ, ಟಸ್ಕನಿಯ ಸುಟ್ಟ ಮಾಂಸಕ್ಕೆ ಕಿಯಾಂಟಿ, ಲಿಗುರಿಯಾದ ತುಳಸಿ ಜಾತಿಯ ಸೊಪ್ಪಿನ ಪೆಸ್ತೊಗೆ ವೆರ್ಮೆಂತಿನೊ, ಬಾದಾಮಿ ಬಿಸ್ಕತ್ತಿಗೆ ಸಿಹಿಯಾದ ವಿನ್ ಸಾಂತೊ.

ಖಾರದ ಅಡುಗೆಯೊಡನೆ ಎಚ್ಚರ ಬೇಕು. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ. ಒಗರು ಕೂಡ ಒರಟಾಗಿ ತೋರುತ್ತದೆ. ಆದ್ದರಿಂದ ಖಾರವಾದ ಭಾರತೀಯ ಖಾದ್ಯಗಳಿಗೆ ಬರೋಲೊ, ಅಮರೊನೆಗಳಿಗಿಂತ ಮದ್ಯಸಾರ ಕಡಿಮೆಯಿರುವ, ಸ್ವಲ್ಪ ಸಿಹಿಯಾದ ಮೊಸ್ಕಾತೊ ಅಥವಾ ಪ್ರೊಸೆಕ್ಕೊ ಹೆಚ್ಚು ಹೊಂದುತ್ತದೆ.

ಲೇಬಲ್‌ನಲ್ಲಿ ಕಾಣುವ ಪದಗಳು

• ರೊಸ್ಸೊ, ಬಿಯಾಂಕೊ, ರೊಸಾತೊ: ಕೆಂಪು, ಬಿಳಿ, ನಸುಗೆಂಪು.
• ಸೆಕ್ಕೊ, ದೊಲ್ಚೆ: ಸಿಹಿಯಿಲ್ಲದ, ಸಿಹಿಯಾದ.
• ಫ್ರಿತ್ಸಾಂತೆ, ಸ್ಪುಮಾಂತೆ: ನಸುನೊರೆಯ, ಪೂರ್ಣ ನೊರೆಯುಕ್ಕುವ.
• ಕ್ಲಾಸಿಕೊ: ಸೀಮೆಯ ಮೂಲ, ಹಳೆಯ ಭಾಗದಲ್ಲಿ ಬೆಳೆದದ್ದು.
• ರಿಸೆರ್ವಾ: ನಿಯಮದಂತೆ ಹೆಚ್ಚು ಕಾಲ ಮಾಗಿಸಿದ್ದು.
• ಸುಪೆರಿಯೊರೆ: ಸಾಮಾನ್ಯವಾಗಿ ಮದ್ಯಸಾರ ಸ್ವಲ್ಪ ಹೆಚ್ಚಿರುವುದು.
• ವೆಂದೆಮ್ಯಾ: ಕೊಯ್ಲು, ಕೊಯ್ಲಿನ ವರ್ಷ.
• ಕಾಂತಿನಾ: ವೈನ್ ತಯಾರಿಸಿ ಸಂಗ್ರಹಿಸುವ ಮನೆ.

ಭಾರತ ಮತ್ತು ಕರ್ನಾಟಕದಲ್ಲಿ

ಇಟಲಿಯ ಸಾಂಜೊವೇಸೆ ತಳಿ ಈಗ ಭಾರತದಲ್ಲಿಯೂ ಬೇರೂರಿದೆ. ವಿಜಯಪುರ ಜಿಲ್ಲೆಗೆ ಹೊಂದಿಕೊಂಡಿರುವ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಇಟಲಿಯ ಪಾಲುದಾರಿಕೆಯೊಡನೆ ಆರಂಭವಾದ ಫ್ರಾಟೆಲ್ಲಿ ಸಂಸ್ಥೆ ಇದನ್ನು ಬೆಳೆಯುತ್ತದೆ. ‘ಫ್ರಾಟೆಲ್ಲಿ’ ಎಂದರೆ ಸಹೋದರರು. ಕರ್ನಾಟಕದಲ್ಲಿ ಹಂಪಿ ಪರಿಸರದ ಕೃಷ್ಮಾ ಎಸ್ಟೇಟ್‌ನಲ್ಲಿಯೂ ಈ ತಳಿಯ ವೈನ್ ತಯಾರಾಗುತ್ತದೆ. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿತು.

ಬೆಂಗಳೂರಿನ ಸುತ್ತಮುತ್ತ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ಅಮೆರಿಕ ಮೂಲದ ಇಸಾಬೆಲ್ಲಾ ತಳಿಯೆಂದು ಗುರುತಿಸಲಾಗಿದೆ. ಇಟಲಿಯಲ್ಲಿ ಇದೇ ತಳಿಗೆ ‘ಊವಾ ಫ್ರಾಗೊಲಾ’, ಅಂದರೆ ಸ್ಟ್ರಾಬೆರಿ ದ್ರಾಕ್ಷಿ ಎಂಬ ಹೆಸರಿದೆ. ಬೆಂಗಳೂರಿನ ಸಂತೆಗಳಲ್ಲಿ ಆ ಹಣ್ಣನ್ನು ಮೂಸಿದವರಿಗೆ ಆ ಹೆಸರು ಏಕೆ ಬಂತೆಂದು ಸುಲಭವಾಗಿ ಅರ್ಥವಾಗುತ್ತದೆ.

ಹವಾಮಾನ ಮತ್ತು ಭವಿಷ್ಯ

2023ರಲ್ಲಿ ಇಟಲಿಯ ಉತ್ಪಾದನೆಯು ಸುಮಾರು 380 ಕೋಟಿ ಲೀಟರಿಗೆ ಕುಸಿದು ಫ್ರಾನ್ಸ್ ಮೊದಲ ಸ್ಥಾನಕ್ಕೆ ಬಂದಿತು. ಅತಿಯಾದ ಮಳೆಯಿಂದ ಮಧ್ಯ ಮತ್ತು ದಕ್ಷಿಣದ ತೋಟಗಳಲ್ಲಿ ಹರಡಿದ ಬೂಜುರೋಗ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಬಿಸಿಲು ಹೆಚ್ಚಾದಂತೆ ದ್ರಾಕ್ಷಿಯಲ್ಲಿ ಸಕ್ಕರೆ ಏರಿ ಹುಳಿ ಇಳಿಯುತ್ತದೆ. ಇದರಿಂದ ಸೀಮೆಯ ಪರಂಪರಾಗತ ರುಚಿಯೇ ಬದಲಾಗುವುದರಿಂದ ಕೆಲವು ಬೆಳೆಗಾರರು ಇನ್ನಷ್ಟು ಎತ್ತರದ ಜಾಗಗಳಿಗೆ ತೋಟಗಳನ್ನು ಕೊಂಡೊಯ್ಯುತ್ತಿದ್ದಾರೆ. ಗಡಿಯ ಆಧಾರದ ಮೇಲೆ ನಿಂತಿರುವ ವರ್ಗೀಕರಣಕ್ಕೆ ಇದೊಂದು ಕಠಿಣ ಪ್ರಶ್ನೆ.

ಆರೋಗ್ಯ

ಮದ್ಯಪಾನೀಯಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿತು. ವೈನ್ ಇದಕ್ಕೆ ಹೊರತಲ್ಲ. ಶೇ. 13 ಮದ್ಯಸಾರದ 100 ಮಿಲಿಲೀಟರ್ ವೈನ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಗರ್ಭಿಣಿಯರು, ಕಾನೂನು ಗೊತ್ತುಪಡಿಸಿದ ವಯಸ್ಸಿಗಿಂತ ಕಿರಿಯರು, ವಾಹನ ಚಲಾಯಿಸುವವರು ಮತ್ತು ಯಕೃತ್ತಿನ ತೊಂದರೆಯುಳ್ಳವರು ಇದರಿಂದ ದೂರವಿರಬೇಕು. ವೈನ್‌ನ ಚರಿತ್ರೆ, ಭೂಗೋಳ ಮತ್ತು ರಸಾಯನಶಾಸ್ತ್ರಗಳನ್ನು ಅರಿಯಲು ಅದನ್ನು ಕುಡಿಯಲೇಬೇಕೆಂದಿಲ್ಲ.